ಅಳಲಿಕ್ಕೊಂದು ವೇಷ

ಬಯಲಾಟದ ಅಟ್ಟದ ಮೇಲೆ ಯಾವ ಪಾತ್ರ ಬಂದರೂ ಸಾರಥಿ ಮೊದಲು ವಿಚಾರಿಸುವುದು ಅದರ ಹೆಸರು, ಊರು, ಬಂದ ಕಾರಣ. ಬಂದವನು ದೇವೇಂದ್ರನಿರಲಿ, ಬಕಾಸುರನಿರಲಿ, ಈ ತಪಾಸಣೆ ತಪ್ಪಿದ್ದಲ್ಲ. ಹಗಲೆಲ್ಲ ಕಬ್ಬು ಕಡಿದು ಬಂದ ಹುಡುಗ ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ಎದೆ ಸೆಟೆಸಿ, ತಾನು ಅರ್ಜುನನ ಮಗನೆಂದು ಸಾರುತ್ತಾನೆ. ಅವನು ಯಾರ ಮಗನೆಂದು ಕೂತ ಊರಿಗೆಲ್ಲ ಗೊತ್ತು. ಆದರೂ ಯಾರೂ ಎದ್ದು ತಕರಾರು ತೆಗೆಯುವುದಿಲ್ಲ. ಬೆಳಗಿನ ಮಂಗಳದವರೆಗೆ ಅವನು ಸಿಟ್ಟಾದರೆ ಅದು ಅಭಿಮನ್ಯುವಿನ ಸಿಟ್ಟು, ಅತ್ತರೆ ಅಭಿಮನ್ಯುವಿನ ಅಳು. ಮನೆಯ ಪಡಸಾಲೆಯಲ್ಲಿ ಅತ್ತಿದ್ದರೆ ‘ಗಂಡಸಾಗಿ ಅಳ್ತೀಯೇನೋ’ ಅನ್ನುತ್ತಿದ್ದ ಅದೇ ಕಾಕಾ ಇಲ್ಲಿ ಮುಂದಿನ ಸಾಲಿನಲ್ಲಿ ಕೂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ.

ಅಂಕಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಆಡಿಸಿ ಬೆಳೆಸಿದ ಕುಲಗೋಡ ತಮ್ಮಣ್ಣ ಈ ಕಡೆಯವನು. ಹೆಣ್ಣುಮಕ್ಕಳು ಅಟ್ಟ ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಪಾರಿಜಾತದಿಂದಲೇ ಹೆಸರಾದ ಕೌಜಲಗಿ ನಿಂಗಮ್ಮ ಈ ಕಡೆಯವಳು. ಬಯಲಾಟದ ಕಸುವನ್ನು ಹೊಸ ನಾಟಕಕ್ಕೆ ತಂದ ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿ ತಾಲ್ಲೂಕಿನದು. ತನ್ನ ಬಾಯಿಂದ ಆಡಲಾಗದ ಮಾತನ್ನು ಇನ್ನೊಬ್ಬನ ಸೋಗಿನಲ್ಲಿ ಆಡುವ ವಿದ್ಯೆ ಈ ನೆಲದ್ದು. ಇದೇ ವಿದ್ಯೆಯನ್ನು, ಯುದ್ಧದಲ್ಲಿ ಮನೆ, ಶಾಲೆ, ತಂದೆತಾಯಿ ಕಳೆದುಕೊಂಡ ಮಕ್ಕಳ ಮನಸ್ಸಿನ ಆರೈಕೆಗೆ ಜಗತ್ತಿನ ಹಲವು ಕಡೆ ಬಳಸುತ್ತಿದ್ದಾರೆ. ಡ್ರಾಮಾ ಥೆರಪಿ ಎಂದು ಅದಕ್ಕೆ ಹೆಸರು. ಆ ಚಿಕಿತ್ಸೆಯ ಅರ್ಧ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದೆ. ಇನ್ನರ್ಧ ಇಲ್ಲ ಎಂಬುದು ಮಾತ್ರ ನಮಗೆ ಇನ್ನೂ ಹೊಳೆದಿಲ್ಲ.

ಗೋಕಾಕದ ಹುಡುಗರಿಗೂ ಯುದ್ಧಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಬೆಳಗಾವಿ ಬಿಟ್ಟು ಈ ಕಡೆ ಹೊರಟರೆ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ. ನಗರದಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ, ಕಮಾಂಡೊ ತರಬೇತಿ, ಮಿಲಿಟರಿ ಶಾಲೆ. 1768ರಲ್ಲಿ ಹುಟ್ಟಿದ ಆ ದಳದ ಪಲ್ಟಣಗಳು ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಕುಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1916ರ ಏಪ್ರಿಲ್‌ನಲ್ಲಿ ಶರಣಾದ ಮೇಲೆ ಸೆರೆಹೋದವರಲ್ಲಿ ಬಹಳ ಮಂದಿ ಮರಳಲೇ ಇಲ್ಲ. ಇವತ್ತಿಗೂ ಜಿಲ್ಲೆಯ ಹಳ್ಳಿಗಳಲ್ಲಿ ‘ಮಿಲಿಟ್ರಿಯವರ ಮನಿ’ ಎಂದು ದಾರಿ ತೋರಿಸುವುದುಂಟು. 2025ರ ಮೇ 7ರಂದು ಆಪರೇಷನ್ ಸಿಂಧೂರದ ವಿವರ ಹೇಳಲು ಟಿ.ವಿ.ಯಲ್ಲಿ ಕಾಣಿಸಿಕೊಂಡ ಕರ್ನಲ್ ಸೋಫಿಯಾ ಕುರೇಶಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂದು ತಿಳಿದಾಗ ಜಿಲ್ಲೆಗೆಲ್ಲ ಹಬ್ಬ. ಅದೇ ದಿನಗಳಲ್ಲಿ ಸುದ್ದಿವಾಹಿನಿಗಳು ಹಗಲೂ ರಾತ್ರಿ ವಾಯುದಾಳಿಯ ಸೈರನ್ ಕೂಗಿಸಿದವು. ಆ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಎಂದು ಕೊನೆಗೆ ಕೇಂದ್ರ ಸರ್ಕಾರವೇ ಸೂಚನೆ ಹೊರಡಿಸಬೇಕಾಯಿತು. ದೊಡ್ಡವರಿಗೆ ಅದು ಕ್ರಿಕೆಟ್ ಮ್ಯಾಚಿನ ಉಮೇದು. ಅಪ್ಪ ಗಡಿಯಲ್ಲಿರುವ ಎಂಟು ವರ್ಷದ ಹುಡುಗಿಗೆ ಅದು ಏನಾಗಿತ್ತು ಎಂದು ಯಾವ ಸ್ಟುಡಿಯೊದಲ್ಲೂ ಚರ್ಚೆಯಾದದ್ದು ನಾನು ಕಾಣೆ.

ಸಾವು ಕೂಡ ಹೀಗೇ, ದೂರದ್ದು ಅಂದುಕೊಂಡದ್ದು ಹತ್ತಿರಕ್ಕೆ ಬರುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿಯಿಂದ ಆರು ದಿನಗಳ ಮೇಲೆ ಜೀವಂತ ಸಿಕ್ಕು, ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕೀವ್‌ನಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡ ವೈದ್ಯಕೀಯ ವಿದ್ಯಾರ್ಥಿಯ ಊರು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ. ಅವನ ಜತೆ ನೆಲಮಾಳಿಗೆಗಳಲ್ಲಿ ಅವಿತು ಕೂತಿದ್ದ ಕನ್ನಡದ ಹುಡುಗ ಹುಡುಗಿಯರು ಸರ್ಕಾರದ ಆಪರೇಷನ್ ಗಂಗಾ ತೆರವು ವಿಮಾನಗಳಲ್ಲಿ ಬಂದಿಳಿದಾಗ ಅವರ ಮುಂದೆ ಇದ್ದದ್ದು ಮೈಕು. ‘ಹೇಗಿತ್ತು? ಭಯ ಆಯ್ತಾ? ಹೇಳಿ’ ಎಂಬ ಒಂದೇ ಒತ್ತಾಯ. ಆಮೇಲೆ ಚರ್ಚೆ ಸೀಟು, ಕಾಲೇಜು, ಸಾಲದ ಕಡೆ ತಿರುಗಿತು. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದವರು ಎಷ್ಟು ಮಂದಿಯೋ.

ಆಘಾತ ಅನುಭವಿಸಿದವರು ಎಲ್ಲವನ್ನೂ ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ವೈದ್ಯರೂ ಒಂದು ಕಾಲಕ್ಕೆ ಹಾಗೇ ನಂಬಿದ್ದರು. ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿಸುವ ಒಂದು ಪದ್ಧತಿ ಪಶ್ಚಿಮದಲ್ಲಿ ಬಹಳ ಚಾಲ್ತಿಯಲ್ಲಿತ್ತು. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2002ರ ಪರಿಶೀಲನೆ ಈ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿತು. ಇಂಥ ಒಂದೇ ಬೈಠಕಿನ ‘ಹೇಳಿಸುವಿಕೆ’ಯಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೇ ಆದೀತು ಎಂಬುದು ಅದರ ತೀರ್ಮಾನ. ಈಗ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವ ಮೊದಲ ಆರೈಕೆಯಲ್ಲಿ ಒತ್ತಾಯದ ಪ್ರಶ್ನೆಗಳಿಗೆ ಜಾಗವಿಲ್ಲ. ಅನ್ನ, ಆಸರೆ, ತನ್ನವರ ಸುದ್ದಿ, ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ, ಇಷ್ಟು ಮೊದಲು. ಮಾತು ಅವರಿಗೆ ಬೇಕೆನಿಸಿದಾಗ. ಮಕ್ಕಳ ವಿಷಯದಲ್ಲಂತೂ ಮಾತು ಇನ್ನೂ ಕಷ್ಟ. ಆರು ವರ್ಷದ ಮಗುವಿಗೆ ‘ನನಗೆ ಅಪರಾಧಿ ಭಾವ ಕಾಡುತ್ತಿದೆ’ ಎಂದು ಹೇಳಲು ಬರುವುದಿಲ್ಲ. ಅದು ಗೊಂಬೆಯನ್ನು ಮಣ್ಣಿನಲ್ಲಿ ಹೂಳುತ್ತದೆ, ತೆಗೆಯುತ್ತದೆ, ಮತ್ತೆ ಹೂಳುತ್ತದೆ.

ಆಟದಲ್ಲಿ ನಡೆಯುವ ಈ ಕೆಲಸವನ್ನು ಗಮನಿಸಿದ ಮೊದಲಿಗರಲ್ಲಿ ಒಬ್ಬ ಯಾಕೋಬ್ ಮೊರೆನೊ. 1889ರಲ್ಲಿ ಬುಖಾರೆಸ್ಟ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ವೈದ್ಯನಾದವನು. ವಿದ್ಯಾರ್ಥಿಯಾಗಿದ್ದಾಗಲೇ ಪಾರ್ಕಿನಲ್ಲಿ ಮಕ್ಕಳನ್ನು ಗುಡ್ಡೆಹಾಕಿಕೊಂಡು ಕಥೆ ಕಟ್ಟಿ ಆಡಿಸುತ್ತಿದ್ದ. ಮೊದಲನೆಯ ಮಹಾಯುದ್ಧ ಬಂದಾಗ ಮಿಟ್ಟರ್ನ್‌ಡಾರ್ಫ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯಾಧಿಕಾರಿ. ಅಲ್ಲಿ ಅವನು ಕಂಡದ್ದು: ಜ್ವರ, ಹಸಿವು ಎಷ್ಟು ನಿಜವೋ, ಬೇಡದವರ ಪಕ್ಕದಲ್ಲಿ ಬದುಕಬೇಕಾದ ಸಂಕಟವೂ ಅಷ್ಟೇ ನಿಜ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಅವನು, ಮೊದಲೇ ಬರೆದಿಟ್ಟ ಮಾತಿಲ್ಲದ, ಆ ಹೊತ್ತಿಗೆ ಹುಟ್ಟುವ ನಾಟಕಗಳನ್ನು ಆಡಿಸಿದ. ಮುಂದೆ ಅಮೆರಿಕಕ್ಕೆ ಹೋಗಿ 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ತೆರೆದ ಆಸ್ಪತ್ರೆಯಲ್ಲಿ ಮಂಚಗಳ ಜತೆಗೆ ಒಂದು ರಂಗಮಂಚವನ್ನೂ ಕಟ್ಟಿಸಿದ. ಅವನ ಪದ್ಧತಿಯಲ್ಲಿ ರೋಗಿ ತನ್ನ ಬದುಕಿನ ಪ್ರಸಂಗವನ್ನೇ ಅಭಿನಯಿಸುತ್ತಾನೆ. ಅಪ್ಪನ ಜತೆ ಜಗಳವಾಗಿದ್ದರೆ ಒಮ್ಮೆ ಮಗನಾಗಿ, ಒಮ್ಮೆ ಅಪ್ಪನಾಗಿ.

ಡ್ರಾಮಾ ಥೆರಪಿ ಇಲ್ಲಿಂದ ಸ್ವಲ್ಪ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಪೀಟರ್ ಸ್ಲೇಡ್ ಮಕ್ಕಳ ಸಹಜ ಆಟವನ್ನೇ ಒಂದು ನಾಟಕಪ್ರಕಾರವೆಂದು ಕರೆದು, ಅದರಲ್ಲಿ ಚಿಕಿತ್ಸೆಯ ಗುಣ ಕಂಡ. ಆಮೇಲೆ ಸೂ ಜೆನ್ನಿಂಗ್ಸ್ ಮತ್ತು ಅವಳ ಜತೆಗಾರರು 1970ರ ದಶಕದಲ್ಲಿ ಅದನ್ನೊಂದು ವೃತ್ತಿಯಾಗಿ ಬೆಳೆಸಿದರು. ಅಮೆರಿಕದ ರಾಬರ್ಟ್ ಲ್ಯಾಂಡಿ ಅದಕ್ಕೆ ದೂರದ ಲೆಕ್ಕ ಹಾಕಿಕೊಟ್ಟ. ನೋವು ಒಲೆಯ ಬೆಂಕಿಯ ಹಾಗೆ: ತೀರ ಹತ್ತಿರ ಕೂತರೆ ಮೈ ಸುಡುತ್ತದೆ, ತೀರ ದೂರ ಕೂತರೆ ಚಳಿ ಬಿಡುವುದಿಲ್ಲ. ಕೂರುವ ಜಾಗ ಹುಡುಕಿಕೊಡುವುದು ಪಾತ್ರದ ಕೆಲಸ. ತನ್ನದೇ ಕಥೆಯನ್ನು ಆಡೆಂದರೆ ಬಾಂಬಿಗೆ ಸಿಕ್ಕ ಮನೆಯ ಮಗು ಮತ್ತೆ ಆ ಮನೆಯೊಳಗೇ ಹೋಗಿ ನಿಲ್ಲುತ್ತದೆ. ‘ಗೂಡು ಕಳೆದುಕೊಂಡ ಗುಬ್ಬಿಯ ಕಥೆ ಆಡು’ ಎಂದರೆ ಆಡುತ್ತದೆ.

ಈ ಪಾತ್ರದ ಲೆಕ್ಕವನ್ನು ತೀರ ಸರಳವಾಗಿ ಕೈಗೆ ಕೊಟ್ಟವನು ಮೂಲಿ ಲಹಾದ್. ಲೆಬನಾನ್ ಗಡಿಗೆ ಅಂಟಿಕೊಂಡ ಇಸ್ರೇಲಿನ ಕಿರ್ಯಾತ್ ಶ್ಮೋನಾ ಎಂಬ ಊರಿನ ಮೇಲೆ ವರ್ಷಗಟ್ಟಲೆ ರಾಕೆಟ್ ಬೀಳುತ್ತಿದ್ದವು. ಅಲ್ಲಿಯ ಮಕ್ಕಳ ಜತೆ ಕೆಲಸ ಮಾಡುತ್ತ ಲಹಾದ್ ಒಂದು ಹಾಳೆಯನ್ನು ಆರು ಭಾಗ ಮಾಡುವ ಉಪಾಯ ಕಂಡುಕೊಂಡ. ಮೊದಲ ಭಾಗದಲ್ಲಿ ಒಬ್ಬ ನಾಯಕ ಮತ್ತು ಅವನ ಊರು. ಎರಡನೆಯದರಲ್ಲಿ ಅವನು ಮಾಡಬೇಕಾದ ಕೆಲಸ. ಮೂರರಲ್ಲಿ ಅವನಿಗೆ ನೆರವಾಗುವವರು, ನಾಲ್ಕರಲ್ಲಿ ಅಡ್ಡಿ, ಐದರಲ್ಲಿ ಅಡ್ಡಿಯನ್ನು ಅವನು ಎದುರಿಸುವ ಬಗೆ, ಆರರಲ್ಲಿ ಕೊನೆಗೆ ಏನಾಯಿತು ಎಂಬುದು. ನಾಯಕ ಮನುಷ್ಯನೇ ಆಗಬೇಕಿಲ್ಲ. ಆಡಿನ ಮರಿಯಾಗಬಹುದು, ಟ್ರ್ಯಾಕ್ಟರ್ ಆಗಬಹುದು. ಚಿತ್ರ ಚೆನ್ನಾಗಿರಬೇಕೆಂಬ ನಿಯಮವೂ ಇಲ್ಲ.

ಇದರಲ್ಲಿ ಏನಿದೆ ಮಹಾ ಅನ್ನಿಸೀತು. ಮೂರನೆಯ ಮತ್ತು ಐದನೆಯ ಭಾಗದ ಮೇಲೆ ಕಣ್ಣಿಡಬೇಕು. ಕೆಲವು ಮಕ್ಕಳ ನಾಯಕ ದೇವರಿಗೆ ಮೊರೆಯಿಡುತ್ತಾನೆ, ಕೆಲವರ ನಾಯಕ ಗೆಳೆಯರನ್ನು ಕರೆತರುತ್ತಾನೆ, ಒಬ್ಬ ಕೂತು ಯೋಚಿಸುತ್ತಾನೆ, ಇನ್ನೊಬ್ಬ ಎದ್ದು ಓಡುತ್ತಾನೆ, ಮತ್ತೊಬ್ಬ ಸುಮ್ಮನೆ ಹಾಡು ಹೇಳುತ್ತಾನೆ. ಕಷ್ಟಕ್ಕೆ ಆ ಮಗು ನೆಚ್ಚುವ ದಾರಿ ಯಾವುದೆಂಬುದು ಕಥೆಯಲ್ಲಿ ತಾನಾಗಿ ಹೊರಬೀಳುತ್ತದೆ. ಇರುವ ದಾರಿಯನ್ನೇ ಗಟ್ಟಿಮಾಡಿ, ಪಕ್ಕದಲ್ಲಿ ಇನ್ನೊಂದು ದಾರಿ ತೆರೆಯುವುದು ಚಿಕಿತ್ಸಕನ ಕೆಲಸ. ನೆರವಿನ ಜಾಗ ಖಾಲಿ ಬಿಟ್ಟ ಮಗುವಿದ್ದರೆ ಚಿಕಿತ್ಸಕನಿಗೆ ಅದೇ ದೊಡ್ಡ ಸುದ್ದಿ. ಆಮೇಲೆ ಈ ಆರು ಚಿತ್ರಗಳನ್ನು ಮಕ್ಕಳು ಗುಂಪಿನಲ್ಲಿ ಆಡುತ್ತಾರೆ. ಅಡ್ಡಿಯ ಪಾತ್ರಕ್ಕೆ ಜಗಳ ಬೀಳುವುದು ಸಾಮಾನ್ಯ, ಯಾಕೆಂದರೆ ಹೆದರಿಸಿಕೊಂಡವನಿಗೆ ಒಮ್ಮೆ ಹೆದರಿಸುವವನಾಗಿ ನೋಡಬೇಕೆಂಬ ಹಸಿವಿರುತ್ತದೆ. ಮುಗಿದ ಮೇಲೆ ಪ್ರತಿಯೊಬ್ಬನೂ ಪಾತ್ರ ಕಳಚಬೇಕು. ತೊಟ್ಟದ್ದನ್ನು ತೆಗೆದಿಟ್ಟು, ತನ್ನ ಹೆಸರು ಹೇಳಿ, ತಾನು ಎಲ್ಲಿದ್ದೇನೆ, ಮುಂದೆ ಏನು ಮಾಡುತ್ತೇನೆ ಎಂದು ಹೇಳಬೇಕು. ಕಳಚದೆ ಮಗುವನ್ನು ಮನೆಗೆ ಕಳಿಸುವುದು ಈ ವೃತ್ತಿಯಲ್ಲಿ ದೊಡ್ಡ ತಪ್ಪು.

ಇಸ್ರೇಲಿನ ಸಂಘರ್ಷದ ಇನ್ನೊಂದು ಕಡೆಯ ಕಥೆಯನ್ನೂ ಹೇಳಲೇಬೇಕು, ಯಾಕೆಂದರೆ ನಾಟಕದ ಮಿತಿ ತಿಳಿಯುವುದು ಅಲ್ಲಿ. ಪ್ಯಾಲೆಸ್ತೀನಿನ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಇಸ್ರೇಲಿನ ವಿರುದ್ಧದ ಮೊದಲ ಬಂಡಾಯ, ಇಂತಿಫಾದಾ, ನಡೆದ ಕಾಲಕ್ಕೆ ಶಾಲೆಗಳು ಮುಚ್ಚಿದ್ದವು. ಯಹೂದಿ ಹೆಣ್ಣುಮಗಳು ಆರ್ನಾ ಮೇರ್ ಖಮೀಸ್ ಅಲ್ಲಿಯ ಮಕ್ಕಳಿಗೆ ಚಿತ್ರ, ಆಟ, ನಾಟಕ ಶುರುಮಾಡಿದಳು. 1993ರಲ್ಲಿ ಅವಳಿಗೆ ಬಂದ ರೈಟ್ ಲೈವ್ಲಿಹುಡ್ ಪ್ರಶಸ್ತಿಯ ಹಣ ಸೇರಿ ಒಂದು ಮನೆಯ ಮಾಳಿಗೆಯ ಮೇಲೆ ಪುಟ್ಟ ರಂಗಮಂದಿರವಾಯಿತು. 1995ರಲ್ಲಿ ಅವಳು ಕ್ಯಾನ್ಸರಿನಿಂದ ತೀರಿಕೊಂಡಳು. ಇಸ್ರೇಲಿನ 2002ರ ಸೇನಾ ಕಾರ್ಯಾಚರಣೆಯಲ್ಲಿ ಆ ಮಂದಿರವೂ ನೆಲಸಮವಾಯಿತು. ಮಗ ಜೂಲಿಯಾನೊ ಮರಳಿ ಹೋಗಿ ನೋಡಿದಾಗ ಅಮ್ಮನ ಅಟ್ಟದ ಮೇಲೆ ಕುಣಿದಿದ್ದ ಹುಡುಗರಲ್ಲಿ ಹಲವರು ಬಂದೂಕು ಹಿಡಿದು ಸತ್ತಿದ್ದರು. ‘ಆರ್ನಾಳ ಮಕ್ಕಳು’ ಎಂಬ 2004ರ ಚಿತ್ರದಲ್ಲಿ ಅವನು ಇದನ್ನು ಮುಚ್ಚಿಡಲಿಲ್ಲ. 2006ರಲ್ಲಿ ಅಲ್ಲೇ ಫ್ರೀಡಂ ಥಿಯೇಟರ್ ಕಟ್ಟಿದ. 2011ರ ಏಪ್ರಿಲ್ 4ರಂದು ಆ ಥಿಯೇಟರಿನ ಹತ್ತಿರವೇ ಅವನನ್ನು ಗುಂಡಿಟ್ಟು ಕೊಂದರು.

ನಾಟಕ ಯುದ್ಧ ನಿಲ್ಲಿಸಲಾರದು. ಹಾಗೆ ಹೇಳುವ ಉತ್ಸಾಹಿಗಳನ್ನು ಕಂಡರೆ ನನಗೆ ದಿಗಿಲು. ನಾಟಕ ಮಾಡುವುದು ಸಣ್ಣ ಕೆಲಸ. ಒಂದು ಮಧ್ಯಾಹ್ನದ ಮಟ್ಟಿಗೆ, ಒಂದು ತಾಲೀಮಿನ ಮಟ್ಟಿಗೆ, ತನಗೆ ಬಂದೊದಗಿದ್ದನ್ನು ಅನುಭವಿಸುವವನಷ್ಟೇ ಆಗಿದ್ದ ಮಗುವನ್ನು ಏನೋ ಒಂದನ್ನು ಮಾಡುವವನನ್ನಾಗಿ ಮಾಡುತ್ತದೆ. ಜೋರ್ಡಾನಿನ ಝಾತರಿ ನಿರಾಶ್ರಿತರ ಶಿಬಿರದಲ್ಲಿ ಸಿರಿಯಾದ ನಟ ನವಾರ್ ಬುಲ್‌ಬುಲ್ ಸುಮಾರು ನೂರು ಮಕ್ಕಳನ್ನು ಸೇರಿಸಿ ‘ಕಿಂಗ್ ಲಿಯರ್’ ತಾಲೀಮು ಮಾಡಿಸಿದ. 2014ರ ಮಾರ್ಚ್ 27, ವಿಶ್ವ ರಂಗಭೂಮಿ ದಿನದಂದು, ಮರುಭೂಮಿಯ ಬಯಲಿನಲ್ಲಿ, ಪೇಪರ್ ಕಿರೀಟ ತೊಟ್ಟು ಅವರು ಆಡಿದರು. ಮನೆ ಕಳೆದುಕೊಂಡು ಬಿರುಗಾಳಿಗೆ ಸಿಕ್ಕ ರಾಜನ ಕಥೆ ಅದು. ಆಡಿದವರು ಯಾರೆಂಬುದು ಗೊತ್ತಿದ್ದರೆ ಬೇರೆ ವ್ಯಾಖ್ಯಾನ ಬೇಡ. ಮರುವರ್ಷ ಅವನು ‘ರೋಮಿಯೋ ಜೂಲಿಯೆಟ್’ ಆಡಿಸಿದ್ದು ಇನ್ನೂ ವಿಚಿತ್ರ. ರೋಮಿಯೋ ಅಮ್ಮಾನ್‌ನಲ್ಲಿ ಯುದ್ಧದ ಗಾಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಹುಡುಗ, ಜೂಲಿಯೆಟ್ ಮುತ್ತಿಗೆಯೊಳಗಿನ ಹೋಮ್ಸ್ ನಗರದಲ್ಲಿದ್ದ ಹುಡುಗಿ. ಇಬ್ಬರ ನಡುವೆ ಇದ್ದದ್ದು ಸ್ಕೈಪ್ ಪರದೆ, ಅದೂ ಆಗಾಗ ಕಡಿದುಹೋಗುವಂಥದ್ದು. ಗುರುತು ಸಿಗಬಾರದೆಂದು ಹೋಮ್ಸ್‌ನ ಮಕ್ಕಳು ಮುಖ ಮುಚ್ಚಿಕೊಂಡೇ ಆಡಿದರು. ಕೊನೆಯಲ್ಲಿ ಅವರು ವಿಷ ಕುಡಿಯಲಿಲ್ಲ. ಶೇಕ್ಸ್‌ಪಿಯರ್ ಬರೆದ ಕೊನೆಯನ್ನು ತಿದ್ದಿ, ವಿಷವನ್ನು ಎಸೆದುಬಿಟ್ಟರು. ಸಾವು ಸಾಕು ಎಂದು ಹೇಳುವ ಹಕ್ಕು ಆ ಹುಡುಗರಿಗಿಲ್ಲದೆ ಇನ್ನಾರಿಗೆ?

ಶ್ರೀಲಂಕಾದ ಬಟ್ಟಿಕಲೋವದಲ್ಲಿ 1996ರಿಂದ ನಡೆದ ಚಿಟ್ಟೆಗಳ ಶಾಂತಿ ತೋಟವೂ ಇದೇ ಜಾತಿಯದು. ತಮಿಳು ಮಕ್ಕಳೂ ಮುಸ್ಲಿಂ ಮಕ್ಕಳೂ ಅಲ್ಲಿ ಕೂಡಿ ಕಥೆ ಕಟ್ಟಿದರು, ಮಣ್ಣು ಕಲಸಿದರು, ಆಡಿದರು.

ಇವೆಲ್ಲಕ್ಕಿಂತ ಮೊದಲೇ ನಡೆದ, ನಮ್ಮ ನಾಡಿನ ನಂಟಿರುವ ಒಂದು ಪ್ರಸಂಗವಿದೆ. 1942ರ ಜುಲೈ 18ರಂದು, ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ವಾರ್ಸಾ ಘೆಟ್ಟೊದಲ್ಲಿ, ವೈದ್ಯ ಯಾನುಶ್ ಕೋರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು ರವೀಂದ್ರನಾಥ ಟಾಗೋರರ ‘ಡಾಕ್ ಘರ್’ ಆಡಿದರು. ಕಾಯಿಲೆ ಬಿದ್ದು ಕೋಣೆ ದಾಟಲಾಗದ ಅಮಲ ಎಂಬ ಹುಡುಗ ಕಿಟಕಿಯಲ್ಲಿ ಕೂತು, ಹಾದುಹೋಗುವವರ ಜತೆ ಮಾತಾಡುತ್ತ, ರಾಜನಿಂದ ಬರುವ ಪತ್ರಕ್ಕೆ ಕಾಯುವ ನಾಟಕ. ನೋಡಿದವರೂ ಆಡಿದವರೂ ಆ ಕಿಟಕಿ ಯಾವುದೆಂದು ಬಲ್ಲವರು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ಕೊಲ್ಲುವ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದ ಕೋರ್ಚಾಕ್ ಮಕ್ಕಳ ಜತೆಯೇ ಹೋದ. ಇದನ್ನು ಚಿಕಿತ್ಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ವಾಸಿಯಾಗಲು ನಾಳೆ ಎಂಬುದಿರಬೇಕು. ಆದರೆ ಆ ಮಕ್ಕಳಿಗೆ ಆ ಸಂಜೆ ಏನು ಬೇಕಿತ್ತೋ ಅದನ್ನು ಬಂಗಾಳದ ಒಂದು ನಾಟಕ ಕೊಟ್ಟಿತು.

ಈಗ ನಮ್ಮ ಸೀಮೆಗೆ ಬರೋಣ. ಯುದ್ಧದ ದುಃಖವನ್ನು ಊರಿಗೆ ಊರೇ ಕೂಡಿ ಆಡುವ ಪದ್ಧತಿ ನಮ್ಮಲ್ಲಿ ಇಲ್ಲವೇ? ಇದೆ. ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ನಡೆದ ಕಾಳಗವನ್ನು ಉತ್ತರ ಕರ್ನಾಟಕದ ಹಳ್ಳಿ ಕನ್ನಡದಲ್ಲಿ ಹಾಡುತ್ತದೆ. ರಿವಾಯತ್ ಎಂದೋ ಕರ್ಬಲಾ ಪದ ಎಂದೋ ಕರೆಯುವ ಆ ಹಾಡುಗಳಲ್ಲಿ ಸುತ್ತಿಸುತ್ತಿ ಬರುವವರು ಮಕ್ಕಳು ಮತ್ತು ಹರೆಯದವರು: ಮದುವಣಿಗ ಕಾಸೀಮ, ನೀರು ಬೇಡುವ ಸಕೀನಾ, ತಂದೆಯ ತೋಳಲ್ಲೇ ಬಾಣ ತಾಗಿದ ಆರು ತಿಂಗಳ ಅಸ್ಗರ. ನೀರು ತರಲು ಫುರಾತ್ ನದಿಗೆ ಹೋಗಿ ಕೈ ಕಳೆದುಕೊಂಡ ಅಬ್ಬಾಸ. ಹಾಡುವವರಲ್ಲಿ ಎಲ್ಲ ಜಾತಿಯವರು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ, ಆದರೂ ಅಲಾಯಿ ದೇವರು ಕೂರುತ್ತವೆ. ವಿದ್ವಾಂಸ ರಹಮತ್ ತರೀಕೆರೆ ಈ ಆಚರಣೆಯ ಬೆನ್ನುಹತ್ತಿ ನಾಡೆಲ್ಲ ಸುತ್ತಿ ಪುಸ್ತಕವನ್ನೇ ಬರೆದಿದ್ದಾರೆ.

ಹರಕೆ ಹೊತ್ತ ಮನೆಯ ಮಕ್ಕಳು ಈ ಹತ್ತು ದಿನ ಫಕೀರರಾಗುತ್ತಾರೆ. ಕೊರಳಿಗೆ ಲಾಡಿ ಬೀಳುತ್ತದೆ. ಹುಲಿವೇಷ ಕಟ್ಟುವವರು, ಹೆಜ್ಜೆ ಹಾಕುವವರು, ಖತ್ತಲ ರಾತ್ರಿಯ ಕೆಂಡದ ಸುತ್ತ ಕುಣಿಯುವವರು, ಹೀಗೆ ಪ್ರತಿ ಹುಡುಗನಿಗೂ ಒಂದು ಪಾತ್ರ. ಆ ರಾತ್ರಿ ಅಸ್ಗರನ ಪದ ಕೇಳಿ ಅಳುವ ತಾಯಿ ಯಾವ ಕೂಸಿಗಾಗಿ ಅಳುತ್ತಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ, ಲಾಡಿ ಕಳಚುತ್ತದೆ, ಚೋಂಗೆ ತಿಂದು ಎಲ್ಲರೂ ಹೊಲಕ್ಕೆ ಹೊರಡುತ್ತಾರೆ. ಪಾತ್ರ ಹೊಗುವುದಕ್ಕೂ ಕಳಚುವುದಕ್ಕೂ ನಿಶ್ಚಿತ ದಿನ, ನಿಶ್ಚಿತ ವಿಧಿ. ಲಹಾದನ ಆರು ಭಾಗದ ಹಾಳೆಯ ಆಟ ಮುಗಿದ ಮೇಲೆ ಮಾಡಿಸುವುದು ಇದನ್ನೇ.

ಇನ್ನೂ ಹಿಂದಕ್ಕೆ ಹೋದರೆ, ಮೂಡಲಗಿಯ ನೆರೆಯಲ್ಲೇ ಮುಧೋಳ, ರನ್ನನ ಊರು. ಸಾವಿರ ವರ್ಷದ ಹಿಂದೆ ಅವನು ಬರೆದ ಗದಾಯುದ್ಧದಲ್ಲಿ ಭೀಮನ ಪ್ರತಾಪದಷ್ಟೇ ನೆನಪಿನಲ್ಲಿ ಉಳಿಯುವುದು ದುರ್ಯೋಧನನ ನಡಿಗೆ. ಯುದ್ಧ ಮುಗಿಯುತ್ತ ಬಂದಿದೆ, ಹೆಣಗಳ ನಡುವೆ ಅವನು ಹೆಜ್ಜೆಯಿಡುತ್ತಿದ್ದಾನೆ. ಗುರು ದ್ರೋಣ, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆ ನಿಂತು ಒಂದೊಂದು ಬಗೆಯಲ್ಲಿ ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ, ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಬಿ.ಎಂ. ಶ್ರೀಕಂಠಯ್ಯ ಇದನ್ನು ನಾಟಕವಾಗಿಸಿದರು. ಅಮೆರಿಕದ ಬ್ರಯಾನ್ ಡೋರೀಸ್ 2008ರಿಂದ ಇರಾಕ್, ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಮತ್ತು ಅವರ ಮನೆಯವರ ಎದುರು ಸಾಫೊಕ್ಲಿಸ್‌ನ ‘ಅಯಾಸ್’ ನಾಟಕ ಓದಿಸುತ್ತ ಬಂದಿದ್ದಾನೆ. ಓದು ಮುಗಿದ ಮೇಲೆ ಸಭಿಕರು ಎದ್ದು ಮಾತಾಡುತ್ತಾರೆ; ಶುರುವಾಗುವುದು ಅಯಾಸ್‌ನ ಹೆಂಡತಿಯ ಬಗ್ಗೆ, ಮುಗಿಯುವುದು ತಮ್ಮ ಮನೆಯಲ್ಲಿ. ಬೆಳಗಾವಿಯ ಮಾಜಿ ಸೈನಿಕರ ಮುಂದೆ ರನ್ನನ ಆ ನಡಿಗೆಯನ್ನು ಹೀಗೆ ಯಾಕೆ ಓದಬಾರದು?

ಓದದಿರಲು ಒಂದು ಕಾರಣ ನನಗೆ ಹೊಳೆಯುತ್ತದೆ. ಯುದ್ಧದ ಬಗ್ಗೆ ನಾವು ಮಕ್ಕಳಿಗೆ ಕಲಿಸಿರುವುದು ಒಂದೇ ರಸ. ಕಿತ್ತೂರು, ಸಂಗೊಳ್ಳಿ, ನಂದಗಡ ಇರುವ ಜಿಲ್ಲೆ ನಮ್ಮದು. 1824ರ ಗೆಲುವು, 1831ರಲ್ಲಿ ನಂದಗಡದಲ್ಲಿ ರಾಯಣ್ಣನಿಗಾದ ಗಲ್ಲು, ಇವನ್ನು ಆಡುವುದು ಬೇಡ ಎಂದು ಯಾವ ಕನ್ನಡಿಗನೂ ಹೇಳಲಾರ. ಆದರೆ ಆಗಸ್ಟ್ 15ರ ಶಾಲಾ ನಾಟಕ ನೋಡಿ. ರಟ್ಟಿನ ಬಂದೂಕು, ಪಟಾಕಿಯ ಸದ್ದು, ತ್ರಿವರ್ಣ ಹೊದೆಸಿದ ಒಬ್ಬ ಹುಡುಗ, ಹಿನ್ನೆಲೆಯಲ್ಲಿ ಸಿನಿಮಾ ಹಾಡು. ಯೋಧನ ಮಗನೇ ತರಗತಿಯಲ್ಲಿದ್ದರೆ ಹುತಾತ್ಮನ ಪಾತ್ರ ಅವನಿಗೇ ಕೊಡುವುದುಂಟು, ಗೌರವವೆಂದು ತಿಳಿದು. ಅಪ್ಪ ರಜೆಗೆ ಬರುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುವ ಹುಡುಗನಿಗೆ ನಾವು ಮಾಡಿಸುವ ಅಭ್ಯಾಸ ಯಾವುದರದು ಎಂದು ಯೋಚಿಸಿದವರು ಕಡಿಮೆ. ವೇಷ ತೊಡಿಸುವುದು ನಮಗೆ ಗೊತ್ತು. ಯಾರಿಗೆ ಯಾವ ವೇಷ ತೊಡಿಸಬಾರದು, ಎಲ್ಲಿ ನಿಲ್ಲಿಸಬೇಕು, ಕಳಚಿದ ಮೇಲೆ ಪಕ್ಕದಲ್ಲಿ ಯಾರು ಕೂರಬೇಕು ಎಂಬುದು ಗೊತ್ತಿಲ್ಲ. ಡ್ರಾಮಾ ಥೆರಪಿಯ ಇನ್ನರ್ಧ ಎಂದದ್ದು ಇದನ್ನೇ. ಹಬ್ಬ ಎಲ್ಲರಿಗೂ ಒಂದೇ ಪದ ಹಾಡುತ್ತದೆ; ಚಿಕಿತ್ಸಕ ಒಬ್ಬ ಹುಡುಗನ ಬೆವರನ್ನು, ತಡವರಿಕೆಯನ್ನು ಗಮನಿಸುತ್ತ ಕೂರುತ್ತಾನೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಅನುಭವವುಳ್ಳವರು ಇದ್ದಾರೆ. ರಂಗಾಯಣದ ನಟರಾಗಿದ್ದ ಹುಲುಗಪ್ಪ ಕಟ್ಟೀಮನಿ ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದ್ದಾರೆ. ಮ್ಯಾಕ್‌ಬೆತ್ ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಆ ಕೈದಿಗಳು ಆಡಿದರು. ಕೈಗಂಟಿದ ರಕ್ತ ತೊಳೆದರೂ ಹೋಗದವನ ಕಥೆಯನ್ನು ಕೊಲೆ ಆರೋಪದಲ್ಲಿ ಒಳಗಿದ್ದವರು ಆಡುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮಕ್ಕಳ ರಂಗಶಿಬಿರಗಳಿಗೂ ಬರವಿಲ್ಲ, ಧಾರವಾಡದಲ್ಲಿ ರಂಗಾಯಣವಿದೆ. ಅತ್ತ ಮನೋವೈದ್ಯಕೀಯದ ಕಡೆ, 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಗೋಕಾಕಕ್ಕೆ ದೂರವೇನಲ್ಲ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರಂಗದವರು ಒಂದು ಕಡೆ, ವೈದ್ಯರು ಒಂದು ಕಡೆ. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮಗುವಿನ ಎದುರು ಕೂರುವುದು ಬಾಕಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪೇಟೆಗೆ ನುಗ್ಗಿ ಮನೆ ಮುಳುಗಿಸಿದಾಗ ಪರಿಹಾರ ಕೇಂದ್ರಗಳಲ್ಲಿ ಮಲಗಿದ ಮಕ್ಕಳಿಗೂ ಇಂಥ ಜೋಡಿಯೊಂದು ಬೇಕಿತ್ತು. ಯುದ್ಧ ಬರಲಿ ಎಂದು ಕಾಯಬೇಕಿಲ್ಲ.

ಈ ಚಿಕಿತ್ಸೆಯ ಫಲದ ಬಗ್ಗೆ ಈಗಲೇ ಬಡಾಯಿ ಕೊಚ್ಚುವುದು ಬೇಡ. ನಡೆದಿರುವ ಅಧ್ಯಯನಗಳು ಬಹುಪಾಲು ಸಣ್ಣ ಗುಂಪುಗಳವು. ನಿದ್ದೆಗೆಟ್ಟ, ಮಾತು ನಿಲ್ಲಿಸಿದ, ತನ್ನನ್ನು ತಾನೇ ನೋಯಿಸಿಕೊಳ್ಳುವ ಮಗುವಿಗೆ ನಾಟಕದ ಮೇಷ್ಟ್ರು ಸಾಲದು, ವೈದ್ಯರೇ ಬೇಕು. ಆದರೆ ಊರಿನ ಶಾಲೆ ಮಾಡಬಹುದಾದ ಒಂದು ಕೆಲಸಕ್ಕೆ ಯಾವ ಡಿಗ್ರಿಯೂ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಈ ಸಲದ ನಾಟಕಕ್ಕೆ ಪಾತ್ರ ಹಂಚುವಾಗ ಆ ಯೋಧನ ಮಗನಿಗೆ ಪಟ್ಟಿ ಓದಿ ಹೇಳುವ ಬದಲು, ನೀನು ಯಾರಾಗುತ್ತೀ ಎಂದು ಕೇಳುವುದು. ಅವನು ಸೈನಿಕ ಆಗೋದಿಲ್ಲ, ಪೋಸ್ಟ್‌ಮನ್ ಆಗ್ತೀನಿ ಅಂದರೆ ಆಗಲಿ ಬಿಡಿ ಮಾಸ್ತರ್ರೇ. ರಾಯಣ್ಣನ ನಾಟಕದಲ್ಲಿ ಪೋಸ್ಟ್‌ಮನ್ ಎಲ್ಲಿಂದ ಬಂದ ಎಂದು ಯಾರಾದರೂ ಕೇಳಿದರೆ ನಗಬಹುದು, ನಾಟಕ ಕೆಡುವುದಿಲ್ಲ.